ಸಂದೇಹದ ದಿನಗಳಲ್ಲಿ ದೈವದ ಇರವು

ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಉಂಡು ಕುಳಿತವನು ಕೇಳುವುದಕ್ಕೂ, ಬಿತ್ತಿದ ಬೆಳೆ ಒಣಗಿಹೋದವನು ಕೇಳುವುದಕ್ಕೂ ಬಹಳ ಅಂತರವುಂಟು. ಮೊದಲನೆಯವನದು ಜಿಜ್ಞಾಸೆ, ಎರಡನೆಯವನದು ದೂರು. ಜಿಜ್ಞಾಸೆಗೆ ಶಾಸ್ತ್ರಗ್ರಂಥಗಳು ಬೇಕಾದಷ್ಟು ಸಮಾಧಾನಗಳನ್ನು ಹೇಳಿವೆ. ಅವನ್ನು ನಮ್ಮ ತತ್ತ್ವಶಾಸ್ತ್ರದ ಅಧ್ಯಾಪಕರು ನನಗಿಂತ ಚೆನ್ನಾಗಿ ಬಲ್ಲರು. ನಾನು ಇಲ್ಲಿ ಆ ದೂರನ್ನು ಕುರಿತು, ನಮ್ಮ ಸೀಮೆಯ ಕೆಲವು ಸಂಗತಿಗಳನ್ನೇ ಮುಂದಿಟ್ಟುಕೊಂಡು, ತಿಳಿದಷ್ಟು ವಿವರಿಸಲು ಯತ್ನಿಸಿದ್ದೇನೆ. ವಾಚಕರು ಒಪ್ಪಲೇಬೇಕೆಂಬ ಹಟವಿಲ್ಲ.

ನಮ್ಮ ಸೀಮೆಯೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದವುಗಳೊಡನೆ ವಿಜಯನಗರ ಜಿಲ್ಲೆಯದಾಯಿತು. ಜಿಲ್ಲೆಗಳು ಬದಲಾದವು, ಮಳೆಯ ಸ್ವಭಾವ ಬದಲಾಗಲಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಬೀಳುವ ಮಳೆ, ಅದೂ ಬರಬೇಕಾದಾಗ ಬಾರದು. ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿದರೂ ಒಳನಾಡಿನ ಹೊಲಗಳು ಮೋಡವನ್ನೇ ನೋಡಬೇಕು. ಇಂಥ ನೆಲದಲ್ಲಿ ದೈವಭಕ್ತಿಯೂ ದೈವದ ಮೇಲಿನ ಸಿಟ್ಟೂ ಒಂದೇ ಹೊಲದಲ್ಲಿ ಬೆಳೆಯುವುದು ಸಹಜ.

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರವು ಸಾರಿತು. ಆ ವರ್ಷ ನಮ್ಮ ಮನೆಯ ನಾಲ್ಕು ಎಕರೆ ಮೆಕ್ಕೆಜೋಳವು ತೆನೆ ಕಟ್ಟುವ ಮುನ್ನವೇ ಸುರುಟಿತು. ಸಾಲ ತಂದು ಕೊಳವೆಬಾವಿ ಕೊರೆಸಿದೆವು. ನೀರಿನ ಬದಲು ಬಿಳಿಯ ಧೂಳು ಎದ್ದಿತು. ಅಪ್ಪ ಇಪ್ಪತ್ತು ವರ್ಷಗಳಿಂದ ಹಿಡಿದುಕೊಂಡು ಬಂದಿದ್ದ ಸೋಮವಾರದ ಉಪವಾಸವನ್ನು ಆ ವಾರವೇ ಬಿಟ್ಟರು. ಯಾರಿಗೂ ಏನನ್ನೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ರೊಟ್ಟಿ ಕೇಳಿದರು, ಅಷ್ಟೆ. ಅವ್ವ ಮಾತಿಲ್ಲದೆ ಬಡಿಸಿದಳು. ದೇವರಿಲ್ಲವೆಂದು ಭಾಷಣ ಮಾಡುವವರನ್ನು ನಾನು ಕಂಡಿದ್ದೇನೆ. ಆದರೆ ಆ ರೊಟ್ಟಿಯಷ್ಟು ಗಟ್ಟಿಯಾದ ಪ್ರಶ್ನೆಯನ್ನು ಬೇರೆಲ್ಲಿಯೂ ಕಂಡಿಲ್ಲ. ಈ ಲೇಖನವನ್ನು ಬರೆಯುವ ಅಗತ್ಯವು ನನಗೆ ಹುಟ್ಟಿದ್ದು ಅಲ್ಲಿಂದ.

ಇಂಥ ಗಳಿಗೆಯಲ್ಲಿ ಜನರು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ ವಿಪತ್ತಿಗೆ ದೈವೀ ಕಾರಣವನ್ನು ಹುಡುಕುವುದು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಶ್ರೀ ಗುರು ಬಸವೇಶ್ವರಸ್ವಾಮಿಯ ರಥೋತ್ಸವದ ಸಂಜೆ, ಲಕ್ಷಾಂತರ ಭಕ್ತರ ಕಣ್ಣೆದುರಿಗೇ, ಅರುವತ್ತು ಅಡಿಯಷ್ಟು ಎತ್ತರದ ತೇರು ಅಚ್ಚು ಮುರಿದು ಉರುಳಿತು. ಹಲವರು ಗಾಯಗೊಂಡರು. ದಾವಣಗೆರೆಯ ಕಡೆಯಿಂದ ಹಗಲುರಾತ್ರಿ ಕಾಲ್ನಡಿಗೆಯಲ್ಲಿ ಬಂದವರು, ಹರಕೆ ಹೊತ್ತವರು, ಬಾಳೆಹಣ್ಣು ಎಸೆಯಲೆಂದು ಕೈ ಎತ್ತಿದ್ದವರು ಎಲ್ಲರೂ ದಿಗ್ಭ್ರಾಂತರಾದರು. ಹೊಲದಲ್ಲಿ ಬೆಳೆ ಒಣಗಿದರೆ ದೇವರ ಬಳಿಗೆ ಹೋಗಬಹುದು. ದೇವರ ತೇರೇ ಬಿದ್ದರೆ ಯಾರ ಬಳಿಗೆ ಹೋಗುವುದು? ಮರುದಿನದಿಂದಲೇ ಊರೂರ ಕಟ್ಟೆಗಳ ಮೇಲೆ ಕಾರಣಗಳ ಸುರಿಮಳೆಯಾಯಿತು. ಯಾರೋ ಮಡಿ ಕೆಡಿಸಿದರು, ಯಾವುದೋ ವಿಧಿ ತಪ್ಪಿತು, ನಾಡಿಗೆ ಕೇಡು ಕಾದಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನಾಗ ಶಾಲೆಯ ಹುಡುಗ. ಇವೆಲ್ಲವನ್ನೂ ಬಾಯಿ ಬಿಟ್ಟುಕೊಂಡು ಕೇಳಿದ್ದು ನೆನಪಿದೆ.

ಇಂಥ ವ್ಯಾಖ್ಯಾನಗಳು ಹಳ್ಳಿಯವರಿಗೆ ಮಾತ್ರ ಸೀಮಿತವೆಂದು ಭಾವಿಸಬಾರದು. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಗಿ ಸಾವಿರಾರು ಜನ ಮಡಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆಯೆಂದು ಸ್ವತಃ ಗಾಂಧೀಜಿಯವರು ನುಡಿದರು. ಗಾಂಧೀಜಿಯವರಲ್ಲಿ ಅಪಾರ ಗೌರವವಿದ್ದ ರವೀಂದ್ರನಾಥ ಠಾಕೂರರು ಇದನ್ನು ಬಹಿರಂಗವಾಗಿಯೇ ಪ್ರತಿಭಟಿಸಿದರು. ಭೌತಿಕ ಉತ್ಪಾತಗಳಿಗೆ ಭೌತಿಕ ಕಾರಣಗಳೇ ಇರುವುವು, ಅವನ್ನು ನೀತಿಯ ಲೆಕ್ಕಕ್ಕೆ ಜಮೆ ಮಾಡಬಾರದು ಎಂಬುದು ಅವರ ವಾದದ ಸಾರ. ಗಾಂಧೀಜಿಯವರು ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಿ ಉತ್ತರವನ್ನೂ ಬರೆದರು. ಇಬ್ಬರ ದೊಡ್ಡತನವೂ ಇದರಲ್ಲಿ ಕಾಣುತ್ತದೆ. ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕವು ನಮ್ಮ ಕೂಡ್ಲಿಗಿಯಲ್ಲಿಯೇ ಇದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ವಿವಾದವು ನೆನಪಾಗುತ್ತದೆ. ಅಸ್ಪೃಶ್ಯತೆ ಪಾಪವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿಹಾರದಲ್ಲಿ ಮನೆಯಡಿ ಸಿಕ್ಕಿ ಸತ್ತ ಅಸ್ಪೃಶ್ಯನ ಕೂಸು ಯಾವ ಪಾಪಕ್ಕೆ ದಂಡ ತೆತ್ತಿತು? ಈ ವಿಷಯದಲ್ಲಿ ನಾನು ಠಾಕೂರರ ಪಕ್ಷ. ಕೊಟ್ಟೂರಿನಲ್ಲಿ ತೇರು ಹೊರಡುವ ಮುನ್ನ ದಲಿತ ಮಹಿಳೆಯರು ಸ್ವಾಮಿಗೆ ಆರತಿ ಬೆಳಗುವ ಸಂಪ್ರದಾಯವಿದೆ. ಗಾಂಧೀಜಿಯವರು ಮೆಚ್ಚಬಹುದಾದ ಆ ಆರತಿಯೂ ಅಚ್ಚನ್ನು ಮುರಿಯದಂತೆ ಕಾಯಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಅಚ್ಚನ್ನು ಕಾಯುವುದು ಬಡಗಿಯ, ಕಮ್ಮಾರನ, ಪರೀಕ್ಷಿಸುವವನ ಕೆಲಸ.

ಹಾಗಾದರೆ ದೈವವು ಎಲ್ಲಿತ್ತು? ಆ ಸಂಜೆ ಕೊಟ್ಟೂರಿನಲ್ಲಿದ್ದ ನನ್ನ ಅಜ್ಜಿ ಮನೆಗೆ ಬಂದವಳೇ ಹೇಳಿದ ಮಾತನ್ನು ಇಲ್ಲಿ ಬರೆಯುತ್ತೇನೆ. “ಬೀಳಾದು ನಮಗಷ್ಟೇ ಅಂತ ತಿಳಿದಿದ್ದೆ. ಆತ್ನೂ ಬಿದ್ದ ನೋಡೋ ತಮ್ಮಾ. ಇನ್ನ ನಮ್ಮ ನೋವು ಆತಗ ಗೊತ್ತಾಕೈತಿ.” ಓದು ಬಾರದ ಮುದುಕಿಯ ಮಾತು. ಎಲ್ಲರೂ ತೇರು ಏಕೆ ಬಿತ್ತೆಂದು ಕೇಳುತ್ತಿದ್ದಾಗ ಅವಳು, ಬಿದ್ದವನು ಯಾರ ಜೊತೆಯಲ್ಲಿ ಬಿದ್ದನೆಂದು ನೋಡಿದಳು. ಕಾಪಾಡುವ ದೇವರನ್ನು ಕಳೆದುಕೊಂಡ ಸ್ಥಳದಲ್ಲಿಯೇ ಜೊತೆಗಿರುವ ದೇವರನ್ನು ಅವಳು ಕಂಡುಕೊಂಡಳೆಂದು ನನಗೆ ತೋರುತ್ತದೆ. ಅಂದು ಗುರುತಿಲ್ಲದವರು ಗುರುತಿಲ್ಲದವರನ್ನು ಎತ್ತಿ ಆಸ್ಪತ್ರೆಗೆ ಸಾಗಿಸಿದ್ದನ್ನೂ ಅವಳು ಹೇಳಿದಳು; ಆದರೆ ಅದಕ್ಕೆ ದೈವದ ಹೆಸರು ಕೊಡಲಿಲ್ಲ. “ಮಂದಿ ಮತ್ತೇನು ಮಾಡಬೇಕು” ಎಂದಳು. ಆ ಹೆಸರನ್ನು ಕೊಡುತ್ತಿರುವವನು ನಾನು.

ಜೊತೆಗಿರುವವನು ಮಾತನಾಡಬೇಡವೇ ಎಂದು ಕೇಳಬಹುದು. ಇದಕ್ಕೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕವು ಒಳ್ಳೆಯ ನಿದರ್ಶನ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯನು ಡೆಂಕನಮರಡಿಯಲ್ಲಿ ನಿಲ್ಲಿಸಿದ ಎತ್ತರದ ಬಿಲ್ಲನ್ನೇರುತ್ತಾನೆ. ಅದುವರೆಗೆ ‘ಏಳುಕೋಟಿ’ಯ ಘೋಷದಿಂದ ಬಯಲೆಲ್ಲ ಕಿವುಡಾಗಿರುತ್ತದೆ. ಅವನು “ಸದ್ದಲೇ” ಎಂದೊಡನೆ ಲಕ್ಷಗಟ್ಟಲೆ ಜನ ಉಸಿರು ಹಿಡಿಯುತ್ತಾರೆ. ಎಳೆಯ ಕೂಸಿನ ಅಳು ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಬರುವುದು ಮೂರು ನಾಲ್ಕು ಶಬ್ದಗಳ ಒಂದೇ ಒಂದು ಒಗಟಿನಂಥ ಮಾತು. ಅಲ್ಲಿಗೆ ವರ್ಷದ ದೈವವಾಣಿ ಮುಗಿಯಿತು. ಮಾತು ಮುಗಿದೊಡನೆ ಗೊರವಯ್ಯನು ಮೇಲಿನಿಂದ ಬೀಳುತ್ತಾನೆ. ಕೆಳಗಿದ್ದವರು ನೆಲಕ್ಕೆ ತಾಗದಂತೆ ಹಿಡಿದುಕೊಳ್ಳುತ್ತಾರೆ. ಪತ್ರಿಕೆಗಳು ಆ ಮಾತಿನಿಂದ ಮಳೆ, ಬೆಳೆ, ಮಂತ್ರಿಮಂಡಲಗಳ ಭವಿಷ್ಯವನ್ನೆಲ್ಲ ಹಿಂಡಿ ತೆಗೆಯುವುವು. ನನಗೆ ಆ ಅರ್ಥವಿವರಣೆಗಿಂತಲೂ ಹೆಚ್ಚಿನದಾಗಿ ಕಾಣುವುದು ಅದರ ಹಿಂದಿನ ಮೌನ, ಅದರ ಮುಂದಿನ ಕೈಗಳು. ಒಗಟಿಗೆ ಉತ್ತರ ತಿಳಿದ ಮೇಲೆ ಹಿಡಿಯೋಣವೆಂದು ಕೆಳಗಿನವರು ಕಾದರೆ ಗೊರವಯ್ಯನ ಗತಿಯೇನು?

ನಮ್ಮ ಕವಿಗಳಿಗೂ ಈ ಮೌನವು ಗೊತ್ತಿತ್ತು. ಹಂಪೆಯ ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನು ಪರೀಕ್ಷೆಗಾಗಿ ಓದಿದ ನಾವು, ಕಡೆಯಲ್ಲಿ ಕಾಶಿಯ ವಿಶ್ವನಾಥನು ಪ್ರತ್ಯಕ್ಷನಾದನೆಂದು ಉತ್ತರ ಬರೆದು ಅಂಕ ಗಳಿಸುತ್ತೇವೆ. ಆದರೆ ಅರಸನು ರಾಜ್ಯ ಬಿಟ್ಟಾಗ, ಹೆಂಡತಿ ಮಗನನ್ನು ಮಾರಿದಾಗ, ವೀರಬಾಹುಕನ ಆಳಾಗಿ ಸುಡುಗಾಡು ಕಾಯುವಾಗ, ಹಾವು ಕಚ್ಚಿ ಸತ್ತ ಮಗನ ಹೆಣಕ್ಕೆ ತಾಯಿಯಿಂದಲೇ ಸುಂಕ ಕೇಳುವಾಗ ವಿಶ್ವನಾಥನು ಬಂದು ಧೈರ್ಯ ಹೇಳುವುದಿಲ್ಲ. ಚಂದ್ರಮತಿಯ ಮೇಲೆ ಕತ್ತಿ ಎತ್ತುವವರೆಗೆ ಆ ಕಾವ್ಯದಲ್ಲಿ ಅರಸನ ಬಳಿ ಇದ್ದದ್ದು ತಾನು ಕೊಟ್ಟ ಮಾತೊಂದೇ. ಕಡೆಯ ಪುಟವನ್ನು ಮರೆತು ಓದಿದರೆ ಮಾತ್ರ ಆ ಕಥೆ ನಮ್ಮಂಥವರದಾಗುತ್ತದೆ; ಏಕೆಂದರೆ ನಮ್ಮಲ್ಲಿ ಯಾರಿಗೂ ಕಡೆಯ ಪುಟವು ಮೊದಲೇ ಸಿಕ್ಕುವುದಿಲ್ಲ. ಹೊರನಾಡಿನ ಒಂದು ಉದಾಹರಣೆಯನ್ನೂ ಕೊಡಬಹುದು. ಕಲ್ಕತ್ತೆಯ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ, 2007ರಲ್ಲಿ ಪ್ರಕಟವಾದಾಗ, ಹತ್ತಿರ ಹತ್ತಿರ ಐವತ್ತು ವರ್ಷ ಆ ತಾಯಿಗೆ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲವೆಂದು ತಿಳಿದು ಲೋಕವು ಬೆರಗಾಯಿತು. ಆ ಐವತ್ತು ವರ್ಷವೂ ಅವರು ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತರುವುದನ್ನು ಬಿಟ್ಟಿರಲಿಲ್ಲ. ಆ ಪತ್ರಗಳನ್ನು ಕೆಲವರು ನಾಸ್ತಿಕತೆಯ ಸಾಕ್ಷಿಯೆಂದರು. ಅನುಭವವಾಗದಿರುವುದೂ ಇಲ್ಲದಿರುವುದೂ ಒಂದೇ ಅಲ್ಲವೆಂದು ನಾನು ತಿಳಿಯುತ್ತೇನೆ.

ಬರದ ವರ್ಷ ಕಾಲೇಜು ಬಿಡಬೇಕೆಂದು ನಾನು ಪುಸ್ತಕಗಳನ್ನು ಕಟ್ಟಿಟ್ಟಿದ್ದೆ. ನಮ್ಮ ಹೊಲದ ಪಕ್ಕದ ಹೊಲದವರು, ನಮ್ಮಷ್ಟೇ ಬೆಳೆ ಕಳೆದುಕೊಂಡವರು, ಒಂದು ಸಂಜೆ ಬಂದು ಎರಡು ಕುರಿ ಮಾರಿದ ಹಣವನ್ನು ಅಪ್ಪನ ಮುಂದಿಟ್ಟು, “ಹುಡುಗನ ಫೀಜು ಕಟ್ಟಿ ಬಿಡಣ್ಣ, ಮಳಿ ಬಂದಾಗ ಕೊಡುವಂತಿ” ಎಂದರು. ಅಪ್ಪ ಬಹಳ ಹೊತ್ತು ಹಣವನ್ನು ಮುಟ್ಟಲಿಲ್ಲ. ಇದನ್ನು ಪವಾಡವೆಂದು ಕರೆಯಲಾರೆ. ಕುರಿಗಳ ಬೆಲೆ ನನಗೆ ಗೊತ್ತು. ಆದರೆ ಲಾಭನಷ್ಟದ ಲೆಕ್ಕದಲ್ಲಿ ಎಲ್ಲಿಯೂ ಕೂಡದ ಆ ಹಣ ಎಲ್ಲಿಂದ ಬಂತೆಂದು ಕೇಳಿಕೊಂಡರೆ, ನನಗೆ ಸಿಕ್ಕುವ ಉತ್ತರಕ್ಕೆ ಬೇರೆ ಹೆಸರು ತೋಚುವುದಿಲ್ಲ. ಅಪ್ಪನಿಗೆ ಹಾಗೆ ತೋರಿತೋ ಇಲ್ಲವೋ ಕಾಣೆ. ಸೋಮವಾರದ ಉಪವಾಸವನ್ನು ಅವರು ಇಂದಿಗೂ ಮತ್ತೆ ಹಿಡಿದಿಲ್ಲ. ನಾನು ಹಿಡಿಯಿರೆಂದು ಹೇಳಿಯೂ ಇಲ್ಲ.

ಮರುವರ್ಷ ಮಳೆಯಾಯಿತು. ತುಂಗಭದ್ರಾ ಜಲಾಶಯ ತುಂಬಿ ಎಲ್ಲರೂ ಹಿಗ್ಗುತ್ತಿದ್ದಾಗ, 2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮತ್ತೆ ಕಟ್ಟೆಗಳ ಮೇಲೆ ಅದೇ ಮಾತು: ದೇವರು ಕೊಟ್ಟು ಕಸಿದುಕೊಂಡ. ತಜ್ಞರೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ವಿಜ್ಞಾನವನ್ನೇ ನಂಬುವ ನನ್ನ ಸಹಪಾಠಿಯೊಬ್ಬನು ಅಂದು ನನ್ನನ್ನು ಹಿಡಿದು, “ಇದರಲ್ಲಿ ನಿನ್ನ ದೇವರೆಲ್ಲಿ? ಕಬ್ಬಿಣ, ಕ್ರೇನು, ಮನುಷ್ಯರು” ಎಂದನು. ಆ ಮೂರನೆಯದನ್ನು ಇನ್ನೊಂದು ಸಲ ಹೇಳೆಂದೆ. ಅವನು ನಕ್ಕನು, ಒಪ್ಪಲಿಲ್ಲ. ಈ ಚರ್ಚೆ ನಮ್ಮ ಹಾಸ್ಟೆಲಿನಲ್ಲಿ ಇನ್ನೂ ನಡೆದಿದೆ. ಕೊಟ್ಟೂರಿನಲ್ಲಿ ಹೊಸ ತೇರು ಬಂದಿದೆ. ಮುಂದಿನ ರಥೋತ್ಸವಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗುವಾಗ ತಾನೂ ಬರುತ್ತೇನೆಂದು ಅವನು ಹೇಳಿದ್ದಾನೆ. ಸ್ವಾಮಿಯ ದರ್ಶನಕ್ಕಲ್ಲವಂತೆ, ತೇರಿನ ಅಚ್ಚನ್ನು ನೋಡುವುದಕ್ಕಂತೆ.