ರೋಡ್‌ಕಿಂಗಿನ ಮೂರು ಅಶ್ವಶಕ್ತಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರಸ್ತೆಗಳಲ್ಲಿ ಎರಡು ಹೊಗೆಕೊಳವೆಗಳ ಹಳೆಯ ಯೆಜ್ಡಿಯ ಸದ್ದು ಈಗಲೂ ಅಪರೂಪಕ್ಕೆ ಕೇಳಿಬರುವುದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಮೊದಲು ಜಾವಾ ಎಂಬ ಹೆಸರಿನಿಂದಲೂ 1973ರಿಂದ ಯೆಜ್ಡಿ ಎಂಬ ಹೆಸರಿನಿಂದಲೂ ಈ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. 1996ರಲ್ಲಿ ಅದು ಮುಚ್ಚಿತು. ಸಾಮಾನ್ಯ ಯೆಜ್ಡಿಯ ಸಾಮರ್ಥ್ಯ ಸುಮಾರು 13 ಅಶ್ವಶಕ್ತಿ. 1978ರಲ್ಲಿ ಹೊರಬಂದ ರೋಡ್‌ಕಿಂಗಿನದು ಸುಮಾರು 16. ಸಿಲಿಂಡರಿನ ಗಾತ್ರವಾದರೋ ಎರಡರಲ್ಲಿಯೂ ಹೆಚ್ಚುಕಡಿಮೆ 250 ಘನ ಸೆಂಟಿಮೀಟರ್. ಗಾತ್ರ ಬೆಳೆಯದೆ ಶಕ್ತಿ ಬೆಳೆಯುವುದು ಹೇಗೆ?

ಇದು ಎರಡು ಹೊಡೆತಗಳ, ಅಂದರೆ ಟೂ-ಸ್ಟ್ರೋಕ್ ಎಂಜಿನು. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಉರಿದ ಅನಿಲ ಹೊರಹೋಗುವ ಕಿಂಡಿಯೂ ಹೊಸ ಮಿಶ್ರಣ ಒಳಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವುದರಿಂದ ಹೊಸ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊಗೆಯೊಡನೆ ಹೊರಟುಬಿಡುತ್ತದೆ. ನಿಮಿಷಕ್ಕೆ 4,800 ಸುತ್ತು ತಿರುಗುವ ಎಂಜಿನಿನಲ್ಲಿ ಒಂದು ಸುತ್ತಿಗೆ ದೊರೆಯುವ ಕಾಲ ಸೆಕೆಂಡಿನ 80ನೆಯ ಒಂದು ಭಾಗ ಮಾತ್ರ! ಅಷ್ಟರಲ್ಲಿಯೇ ಹೆಚ್ಚು ಮಿಶ್ರಣವನ್ನು ತುಂಬಿ, ಅದನ್ನು ಹಿಡಿದಿಟ್ಟುಕೊಳ್ಳಬೇಕು. ಇದಕ್ಕಾಗಿ ಕಿಂಡಿಗಳ ಆಕಾರವನ್ನು ತಿದ್ದುತ್ತಾರೆ. ಹೊಗೆಕೊಳವೆಯನ್ನೂ ಅಳತೆಗೆ ತಕ್ಕಂತೆ ರೂಪಿಸುತ್ತಾರೆ. ಹೊರನುಗ್ಗಿದ ಅನಿಲದ ಒತ್ತಡದ ಅಲೆಯು ಕೊಳವೆ ಕಿರಿದಾಗುವಲ್ಲಿ ಪ್ರತಿಫಲಿಸಿ, ಬಾವಿಯೊಳಗೆ ಕೂಗಿದ ದನಿಯಂತೆ ಹಿಂದಿರುಗುತ್ತದೆ. ಅದು ಸರಿಯಾದ ಗಳಿಗೆಗೆ ಬಂದು ತಲುಪಿದರೆ, ತಪ್ಪಿಸಿಕೊಳ್ಳುತ್ತಿದ್ದ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ. ಸೈಲೆನ್ಸರಿನ ಒಳಭಾಗವನ್ನು ಕಿತ್ತು ತೆಗೆಸುವ ನಮ್ಮ ತರುಣರು ಈ ಅಲೆಯ ಲೆಕ್ಕವನ್ನೇ ಕೆಡಿಸುತ್ತಾರೆ. ಅವರಿಗೆ ಲಭಿಸುವುದು ಬಹುಮಟ್ಟಿಗೆ ಗದ್ದಲ.

ಇನ್ನು, ಆ ಮೂರು ಅಶ್ವಶಕ್ತಿಯಿಂದ ವೇಗ ಎಷ್ಟು ಹೆಚ್ಚೀತು? ನಮ್ಮ ಬಯಲುಸೀಮೆಯ ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಸಾಗುವಾಗ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾದುದು. ಆದ್ದರಿಂದ ಬೇಕಾಗುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 16ನ್ನು 13ರಿಂದ ಭಾಗಿಸಿದರೆ 1.23, ಅದರ ಘನಮೂಲ 1.07. ಶಕ್ತಿ ಶೇಕಡಾ 23ರಷ್ಟು ಹೆಚ್ಚಿದರೂ ಗರಿಷ್ಠ ವೇಗ ಹೆಚ್ಚುವುದು ಶೇಕಡಾ 7ರಷ್ಟೇ. ಗಂಟೆಗೆ 90 ಕಿಲೋಮೀಟರ್ ಇದ್ದುದು 96 ಆಯಿತೆನ್ನೋಣ. (ಹಾಗೆ ಓಡಿಸಿರೆಂದು ನಾವು ಹೇಳುತ್ತಿಲ್ಲ, ಇದು ಬರಿಯ ಲೆಕ್ಕ.) ಸಿಂದಗಿಯಿಂದ ವಿಜಯಪುರದವರೆಗಿನ ಸುಮಾರು 60 ಕಿಲೋಮೀಟರಿನಲ್ಲಿ ಉಳಿಯುವ ಕಾಲ ಎರಡೂವರೆ ನಿಮಿಷ! ಹೆಚ್ಚಿನ ಶಕ್ತಿಯ ನಿಜವಾದ ಪ್ರಯೋಜನ ಅನುಭವಕ್ಕೆ ಬರುವುದು ಲಾರಿಯನ್ನು ಹಿಂದೆ ಹಾಕುವಾಗ, ಇಬ್ಬರು ಕುಳಿತು ಏರು ಹತ್ತುವಾಗ.

ಬ್ರೇಕಿನ ಲೆಕ್ಕ ಬೇರೆ. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ರೋಡ್‌ಕಿಂಗಿನ ಡ್ರಮ್ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕಾದ ಶಕ್ತಿ ಶೇಕಡಾ 14ರಷ್ಟು ಹೆಚ್ಚುತ್ತದೆ. ವೇಗವು ಸೆಕೆಂಡಿಗೆ, ಸೆಕೆಂಡಿಗೆ 5 ಮೀಟರಿನಂತೆ ಕುಗ್ಗುವುದಾದರೆ, 90ರಲ್ಲಿ ಸಾಗುವ ವಾಹನ ನಿಲ್ಲಲು ಸುಮಾರು 62 ಮೀಟರ್ ಬೇಕು, 96ರಲ್ಲಿ 71. ನಡುವಿನ ಒಂಬತ್ತು ಮೀಟರಿನಲ್ಲಿ ಜೋಳದ ಹೊಲದಿಂದ ರಸ್ತೆಗೇರಿದ ಬಂಡಿಯೊಂದು ಎತ್ತುಗಳ ಸಮೇತ ನಿಲ್ಲಬಲ್ಲದು.