ಕಣ್ಣೀರು ಇರಲಿ, ಚಲನ್ ತೋರಿಸು

ಜೂನ್ ಕಳೆದು ಜುಲೈ ಬಂತೆಂದರೆ ತಾಲ್ಲೂಕು ಊರುಗಳ ಸೈಬರ್ ಸೆಂಟರುಗಳಲ್ಲಿ ಓದಿನ ನೆರವಿಗೆ ಅರ್ಜಿ ಹಾಕುವವರದು ಒಂದೇ ಗೋಳು. ಅಂಕಪಟ್ಟಿಯ ಫೋಟೊ ಮೂರು ಎಂಬಿ ಇದೆ, ವೆಬ್‌ಸೈಟು ಇನ್ನೂರು ಕೆಬಿಗಿಂತ ಹೆಚ್ಚು ನುಂಗುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ. ಒಟಿಪಿ ಹೋಗುವುದು ಅಪ್ಪನ ಮೊಬೈಲಿಗೆ, ಅಪ್ಪ ಇರುವುದು ಸಿಗ್ನಲ್ ಇಲ್ಲದ ಹೊಲದಲ್ಲಿ. ಇವೆಲ್ಲ ದಾಟಿ ಕೊನೆಯ ಪುಟಕ್ಕೆ ಬಂದಾಗ ಸೈಬರಿನವ ತಿರುಗಿ ಕೇಳುತ್ತಾನೆ, ‘ನಿನ್ನ ಬಗ್ಗೆ ಐದು ಸಾಲು ಬರೀಬೇಕಂತೆ, ಏನು ಹಾಕ್ಲಿ?’ ಹುಡುಗಿ ಸುಮ್ಮನೆ ನಿಲ್ಲುತ್ತಾಳೆ. ಹಿಂದೆ ಸಾಲು ಬೆಳೆಯುತ್ತಿದೆ. ಅವನು ಬೆಳಗಿನಿಂದ ಎಲ್ಲರಿಗೂ ಹಾಕುತ್ತಿರುವುದನ್ನೇ ಇವಳಿಗೂ ಅಂಟಿಸುತ್ತಾನೆ: ನಾನು ಬಡ ಕುಟುಂಬದವಳು, ಮನೆಯಲ್ಲಿ ತುಂಬಾ ಕಷ್ಟ, ದಯವಿಟ್ಟು ಸಹಾಯ ಮಾಡಿ.

ಆ ಅರ್ಜಿ ಓದುವವರು ಬೆಂಗಳೂರಿನಲ್ಲೋ ಬಾಸ್ಟನ್ನಿನಲ್ಲೋ ಕೂತಿರುತ್ತಾರೆ. ಅವತ್ತು ಅವರ ಮುಂದೆ ಬಂದ ಅರ್ಜಿಗಳಲ್ಲೆಲ್ಲ ಬಡತನವಿದೆ, ಕಷ್ಟವಿದೆ, ದಯವಿಟ್ಟು ಎಂಬ ಮಾತೂ ಇದೆ. ಎಷ್ಟು ಬೇಕು, ಯಾವ ತಾರೀಕಿನೊಳಗೆ, ಯಾವ ಖಾತೆಗೆ ಎಂಬುದು ಮಾತ್ರ ಇಲ್ಲ. ಓದುವ ಮಕ್ಕಳಿಗೆ ಕೈ ಎತ್ತಿ ಕೊಡುವವರು ಈ ನಾಡಿನಲ್ಲಿ ಯಾವತ್ತೂ ಕಡಿಮೆಯಿರಲಿಲ್ಲ, ಈಗಲೂ ಇಲ್ಲ. ತೊಡಕಿರುವುದು ಆ ಐದು ಸಾಲಿನಲ್ಲಿ.

ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರಾಯೋಜಕರಿಗೆ ಪ್ರಾಯೋಜಕರೆಂಬ ಹೆಸರಿರಲಿಲ್ಲ. ಮೈಸೂರಿಗೋ ಧಾರವಾಡಕ್ಕೋ ಓದಲು ಬಂದ ಹುಡುಗ ವಾರಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ. ಒಂದು ಮನೆ ತಪ್ಪಿದರೆ ಆ ದಿನ ತಣ್ಣೀರೇ ಗತಿ. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ ಓದಿದವರಿಗೆ ಈ ವಾರಾನ್ನದ ರುಚಿಯೂ ಗೊತ್ತು, ಕಹಿಯೂ ಗೊತ್ತು. ಎಲ್ಲ ಜಾತಿಯ ಹುಡುಗರಿಗೂ ಆ ಅಡುಗೆಮನೆಗಳ ಬಾಗಿಲು ತೆರೆದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳು ಅದಕ್ಕಿಂತ ದೊಡ್ಡ ಕೆಲಸ ಮಾಡಿದವು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ಸಿರಸಂಗಿಯ ಲಿಂಗರಾಜ ದೇಸಾಯಿಯವರಂತೂ ತಮ್ಮ ಸಂಸ್ಥಾನದ ಆಸ್ತಿಯನ್ನೇ ಓದುವ ಮಕ್ಕಳಿಗಾಗಿ ಉಯಿಲು ಬರೆದಿಟ್ಟು 1906ರಲ್ಲಿ ತೀರಿಕೊಂಡರು.

ವಾರಾನ್ನದ ಮನೆಯಾಕೆಗೆ ಹುಡುಗನ ಬಡತನಕ್ಕೆ ಪ್ರಮಾಣಪತ್ರ ಬೇಕಿರಲಿಲ್ಲ. ಹರಿದ ಅಂಗಿ ಕಣ್ಣೆದುರಿಗಿತ್ತು. ಗಣಿತದಲ್ಲಿ ಫೇಲಾದರೆ ಸಾರು ಬಡಿಸುತ್ತಲೇ ಬೈಯುವ ಅಧಿಕಾರವೂ ಆಕೆಗಿತ್ತು. ಇಂಟರ್‌ನೆಟ್ಟಿನಲ್ಲಿ ಕಳೆದುಹೋಗಿರುವುದು ಆ ಎದುರಾಬದುರು. ಅದಕ್ಕೆ ಬದಲಿಯಾಗಿ ನಿಂತಿರುವುದೇ ದಾಖಲೆ, ಪರಿಶೀಲನೆ, ಸಂದರ್ಶನ.

ಆ ಪರಿಶೀಲನೆಯನ್ನು ಶ್ರದ್ಧೆಯಿಂದ ಮಾಡುವ ಸಂಸ್ಥೆಗಳಿವೆ. ಇನ್ಫೊಸಿಸ್ ಸಹಸ್ಥಾಪಕ ಎಸ್.ಡಿ. ಶಿಬುಲಾಲ್ ಮತ್ತು ಕುಮಾರಿ ಶಿಬುಲಾಲ್ ದಂಪತಿ 1999ರಲ್ಲಿ ಆರಂಭಿಸಿದ ಸರೋಜಿನಿ ದಾಮೋದರನ್ ಪ್ರತಿಷ್ಠಾನದ ‘ವಿದ್ಯಾಧನ್’ ಅವುಗಳಲ್ಲೊಂದು. ವರ್ಷದ ಆದಾಯ ಎರಡು ಲಕ್ಷ ದಾಟದ ಮನೆಯ, ಎಸ್ಸೆಸ್ಸೆಲ್ಸಿಯಲ್ಲಿ ಶೇ 90 ತೆಗೆದ ಮಕ್ಕಳು ಆನ್‌ಲೈನಿನಲ್ಲೇ ಅರ್ಜಿ ಹಾಕುತ್ತಾರೆ. ಪರೀಕ್ಷೆ, ಸಂದರ್ಶನ ದಾಟಿದವರಿಗೆ ಪಿಯುಸಿಯ ಎರಡು ವರ್ಷ ನೆರವು, ಚೆನ್ನಾಗಿ ಓದಿದರೆ ಮುಂದೆ ಪದವಿಗೂ. ಹೊರಗಿನ ಯಾರು ಬೇಕಾದರೂ ಇಲ್ಲಿ ಒಬ್ಬ ವಿದ್ಯಾರ್ಥಿಯ ಹೊಣೆ ಹೊರಬಹುದು. ಇನ್ನೊಂದು ಫೌಂಡೇಷನ್ ಫಾರ್ ಎಕ್ಸಲೆನ್ಸ್. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಭು ಗೋಯಲ್ ಮತ್ತು ಪೂನಂ ಗೋಯಲ್ ಕಟ್ಟಿದ ಈ ಸಂಸ್ಥೆ ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಶಿಕ್ಷಣ ಓದುವವರಿಗೆ ನೆರವಾಗುತ್ತದೆ. ಅರ್ಜಿದಾರರ ನಿಜಸ್ಥಿತಿ ತಿಳಿಯಲು ಅದಕ್ಕೆ ಸ್ವಯಂಸೇವಕರ ಪಡೆಯೇ ಇದೆ. ಇನ್ಫೊಸಿಸ್ ಪ್ರತಿಷ್ಠಾನ 2023ರಲ್ಲಿ ಶುರು ಮಾಡಿದ ‘ಸ್ಟೆಮ್ ಸ್ಟಾರ್ಸ್’ ವಿಜ್ಞಾನ, ತಂತ್ರಜ್ಞಾನ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಕೊಡುತ್ತದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಾರ್ಷಿಕ 30,000 ರೂಪಾಯಿಯ ನೆರವಿದೆ.

ಇನ್ನೊಂದು ದಾರಿ ನೇರವಾಗಿ ಜನರ ಮುಂದೆ ಕೈ ಚಾಚುವುದು. 2010ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಮಿಲಾಪ್’, ಎರಡು ವರ್ಷದ ನಂತರ ಮುಂಬೈಯಲ್ಲಿ ಬಂದ ‘ಕೆಟ್ಟೊ’ ತರಹದ ವೇದಿಕೆಗಳಲ್ಲಿ ಯಾರು ಬೇಕಾದರೂ ಪುಟ ತೆರೆದು ಚಂದಾ ಎತ್ತಬಹುದು. ಕೇಳಲು ಸಲೀಸು. ಆದರೆ ಆ ವೇದಿಕೆಗೆ ಒಮ್ಮೆ ಹೋಗಿ ನೋಡಿ. ಐಸಿಯುನಲ್ಲಿ ಮಲಗಿದ ಎಂಟು ತಿಂಗಳ ಕೂಸಿನ ಚಿತ್ರದ ಪಕ್ಕ ಮೂರನೇ ಸೆಮಿಸ್ಟರಿನ ಫೀ ಕೇಳುವ ಹುಡುಗನ ಚಿತ್ರ ಇರುತ್ತದೆ. ಅಪರಿಚಿತರ ಮನಸ್ಸು ಎತ್ತ ಹೊರಳುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಫೀಗಾಗಿ ತೆರೆದ ಪುಟಕ್ಕೆ ಮೊದಲ ನೂರು, ಐನೂರು ಹಾಕಬೇಕಾದವರು ಗೊತ್ತಿರುವವರೇ: ಹೈಸ್ಕೂಲಿನ ಮೇಷ್ಟರು, ಊರು ಬಿಟ್ಟು ಹೋಗಿ ನೌಕರಿ ಹಿಡಿದವರು, ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪು. ಅವರೇ ಹಾಕದ ಪುಟಕ್ಕೆ ಬೇರೆಯವರು ಯಾಕೆ ಹಾಕಿಯಾರು? ವೇದಿಕೆ ‘ಟಿಪ್ಪು’ ಕೇಳಿದರೆ ಅದು ಐಚ್ಛಿಕ, ಸೊನ್ನೆ ಮಾಡಬಹುದು ಎಂಬುದನ್ನು ಕೊಡುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಾಲದ ದಾರಿಯೂ ಉಂಟು. ರಾಮಕೃಷ್ಣ ಮತ್ತು ಸ್ಮಿತಾ ರಾಮ್ ದಂಪತಿ 2008ರ ಗಣರಾಜ್ಯೋತ್ಸವದಂದು ಆರಂಭಿಸಿದ ಬೆಂಗಳೂರಿನ ‘ರಂಗ್ ದೇ’ಯಲ್ಲಿ ನಗರದವರು ಕೂಡಿಸಿದ ಸಣ್ಣ ಸಣ್ಣ ಮೊತ್ತ ಹಳ್ಳಿಯವರಿಗೆ ಸಾಲವಾಗಿ ಹೋಗುತ್ತದೆ, ಓದಿಗೂ ಸಿಗುತ್ತದೆ. ತೊಂದರೆಯೆಂದರೆ ಜನರಿಂದ ಜನರಿಗೆ ಹೋಗುವ ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕ್ 2017ರ ನಿಯಮದಲ್ಲಿ 36 ತಿಂಗಳ ಮಿತಿ ಹಾಕಿದೆ. ನಾಲ್ಕು ವರ್ಷದ ಬಿಇ ಓದುವವಳು ಮೊದಲ ವರ್ಷ ಸಾಲ ತೆಗೆದರೆ ಪದವಿ ಕೈಗೆ ಬರುವ ಮೊದಲೇ ತೀರಿಸಿರಬೇಕು. ವರ್ಷದ ಕೋರ್ಸಿಗೋ ಕೊನೆಯ ವರ್ಷದ ಫೀಗೋ ಆದರೆ ಲೆಕ್ಕ ಕೂಡುತ್ತದೆ.

ಆದರೆ ಇವೆಲ್ಲಕ್ಕಿಂತ ಮೊದಲು ತಟ್ಟಬೇಕಾದ ಬಾಗಿಲು ಸರ್ಕಾರದ್ದು. ಅದು ದಾನವಲ್ಲ, ಹಕ್ಕು. ನಾಡಕಚೇರಿಯಿಂದ ತಂದ ಜಾತಿ, ಆದಾಯ ಪ್ರಮಾಣಪತ್ರದ ‘ಆರ್‌ಡಿ’ ನಂಬರ್ ಇಟ್ಟುಕೊಂಡು ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವುದು ಈಗ ಹೆಚ್ಚಿನವರಿಗೆ ಗೊತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ, ಎಂಜಿನಿಯರಿಂಗ್, ವೈದ್ಯಕೀಯ ಓದುವ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ಕೊಡುವ ರೈತ ವಿದ್ಯಾನಿಧಿ ಕೂಡ ಗೊತ್ತಿರಬಹುದು. ಸಿಇಟಿಯಲ್ಲಿ ಎಂಟು ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕವಿಲ್ಲದ ಎಸ್‌ಎನ್‌ಕ್ಯೂ ಸೀಟುಗಳಿವೆ ಎಂದರೆ ಮಾತ್ರ ಎಷ್ಟೋ ಮನೆಗಳಲ್ಲಿ ಮುಖ ಮುಖ ನೋಡುತ್ತಾರೆ. ಎಐಸಿಟಿಇಯ ‘ಪ್ರಗತಿ’ ತಾಂತ್ರಿಕ ಶಿಕ್ಷಣ ಓದುವ ಹುಡುಗಿಯರಿಗೆ ವರ್ಷಕ್ಕೆ 50,000 ಕೊಡುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಕಾಲೇಜುಗಳವರಿಗೆ ಅಡಮಾನ, ಜಾಮೀನು ಇಲ್ಲದ ಸಾಲ. ಇದನ್ನೆಲ್ಲ ತಡವಿ ನೋಡದೆ ಪ್ರಾಯೋಜಕರ ಬಳಿ ಹೋದರೆ, ತಿಳಿದ ಪ್ರಾಯೋಜಕ ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ.

ಈಗ ಆ ಐದು ಸಾಲಿಗೆ ಬರೋಣ. ಬ್ಯಾಡಗಿ ಸೀಮೆಯ ಹುಡುಗಿಯೊಬ್ಬಳಿಗೆ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಅಪ್ಪನಿಗೆ ಒಂದೆಕರೆ ಮಳೆಯಾಶ್ರಿತ ಹೊಲ. ಅರ್ಜಿ ಬರೆಸಲು ಪಿಯು ಕಾಲೇಜಿನ ಮೇಡಂ ಕೂತಿದ್ದಾರೆ.

‘ಅವ್ವ ಏನು ಮಾಡ್ತಾಳೆ?’

‘ಕೂಲಿ ಕೆಲಸ್ರಿ.’

‘ಏನು ಕೂಲಿ?’

‘ಮೆಣಸಿನಕಾಯಿ ತುಂಬು ಬಿಡಸ್ತಾಳ್ರಿ. ಕೆಜಿ ಲೆಕ್ಕ. ರಾತ್ರಿ ಕೈ ಉರೀತಾವ್ರಿ ಅಕಿಗೆ, ಹಿಟ್ಟು ನಾದಾಕ ಆಗೂದಿಲ್ಲ. ಅದಕ್ಕ ರೊಟ್ಟಿ ನಾನ ಬಡೀತೇನ್ರಿ, ಆಮ್ಯಾಗ ಓದಾಕ ಕುಂದರ್ತೇನಿ.’

‘ಬಡ ಕುಟುಂಬ’ ಎಂಬ ಎರಡು ಪದ ಹೊಡೆದುಹಾಕಿ ಇಷ್ಟನ್ನು ಬರೆದರೆ ಸಾಕು. ಓದುವವರಿಗೆ ಒಂದು ಮನೆ ಕಾಣುತ್ತದೆ, ಅಳು ಬೇಕಾಗುವುದಿಲ್ಲ. ಉಳಿದ ನಾಲ್ಕು ಸಾಲು ಲೆಕ್ಕಕ್ಕೆ ಮೀಸಲು. ಫೀ 45,000, ಪಿಜಿ ಮತ್ತು ಊಟ ಹತ್ತು ತಿಂಗಳಿಗೆ 50,000, ಪುಸ್ತಕ, ಪರೀಕ್ಷೆ, ಬಸ್ಸು 10,000. ಒಟ್ಟು 1,05,000. ರೈತ ವಿದ್ಯಾನಿಧಿ, ವಿದ್ಯಾಸಿರಿ ಎರಡೂ ಬಂದರೆ 26,000. ಮನೆಯಿಂದ 30,000. ಕೊರತೆ 49,000. ಫೀ ಕಟ್ಟಲು ಕೊನೆ ದಿನ ಇಂಥ ತಾರೀಕು, ವಿದ್ಯಾರ್ಥಿವೇತನ ಕೈಗೆ ಬರುವುದು ಅದಾಗಿ ಎಷ್ಟೋ ತಿಂಗಳ ಮೇಲೆ. ಜೊತೆಗೆ ಕಾಲೇಜಿನ ಫೀ ಚಲನ್, ಕಾಲೇಜಿನದೇ ಖಾತೆ ನಂಬರು.

ಮನೆಯ 30,000 ಕೂಡ ಬರೆಯಬೇಕೇ ಎಂದು ಹುಡುಗಿ ಹಿಂಜರಿಯಬಹುದು. ಅದನ್ನು ಕಂಡರೆ ‘ಇವರ ಹತ್ತಿರ ಇದೆಯಲ್ಲ’ ಅಂದುಕೊಂಡಾರೆಂಬ ಅಳುಕು. ಬರೆಯಲೇಬೇಕು. ಮನೆಯವರು ಹೆಗಲು ಕೊಟ್ಟಿದ್ದಾರೆ ಎಂದು ಗೊತ್ತಾದಲ್ಲಿ ಹೊರಗಿನವರಿಗೂ ಹೆಗಲು ಕೊಡಲು ಮನಸ್ಸಾಗುತ್ತದೆ. ಹಣ ನೇರ ಕಾಲೇಜಿನ ಖಾತೆಗೆ ಹೋಗುವುದಾದರಂತೂ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ವಾರಾನ್ನದ ಹುಡುಗನ ಅವಮಾನ ಏಳು ಮನೆಗಳ ಒಳಗೇ ಉಳಿಯಿತು. ಇಂಟರ್‌ನೆಟ್ಟಿಗೆ ಹಾಕಿದ ಪುಟ ಹಾಗಲ್ಲ. ನಾಲ್ಕು ವರ್ಷದ ನಂತರ ಕ್ಯಾಂಪಸ್ ಇಂಟರ್‌ವ್ಯೂಗೆ ಬಂದವರು ಹೆಸರು ಹುಡುಕಿದರೆ ಮೊದಲು ಸಿಗುವುದು ಮುರುಕು ಗುಡಿಸಲಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿರುವ ಫೋಟೊ ಆಗಬಾರದು. ಚಂದಾ ಮುಗಿದ ಮೇಲೆ ಪುಟ ಮುಚ್ಚಿಸುವುದು, ಆಧಾರ್, ಅಂಕಪಟ್ಟಿಗಳ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕದಿರುವುದು, ಪಿಯುಸಿಯ ಮಕ್ಕಳಾದರೆ ತಂದೆತಾಯಿಯನ್ನು ಕೇಳಿಯೇ ಮುಂದುವರಿಯುವುದು: ಇವೆಲ್ಲ ಸಹಾಯಕ್ಕೆ ನಿಂತ ಮೇಷ್ಟರ, ಮೇಡಂಗಳ ಕೆಲಸ. ಉಮೇದಿನಲ್ಲಿ ವಿಡಿಯೊ ಮಾಡಿ ಹರಿಬಿಡುವವರು ಸ್ವಲ್ಪ ಕೈ ತಡೆಯಬೇಕು.

ಕ್ಯೂಆರ್ ಕೋಡನ್ನು ಸ್ಟೇಟಸ್‌ಗೆ ಹಾಕಿ ಸ್ವಂತ ಖಾತೆಗೆ ಹಣ ತರಿಸಿಕೊಳ್ಳುವುದರಲ್ಲಿ ಬೇರೆಯೇ ಅಪಾಯವಿದೆ. ‘ನಿನ್ನ ಖಾತೆಗೆ ಇಪ್ಪತ್ತು ಸಾವಿರ ಹಾಕುತ್ತೇವೆ, ಐದು ಇಟ್ಟುಕೊಂಡು ಹದಿನೈದು ವಾಪಸ್ ಕಳಿಸು’ ಎನ್ನುವ ದಾನಿ ಸಿಕ್ಕರೆ ಅವನು ದಾನಿಯೇ ಅಲ್ಲ. ಯಾರನ್ನೋ ವಂಚಿಸಿದ ಹಣ ಆ ಖಾತೆಯ ಮೂಲಕ ಹಾಯುತ್ತಿರುತ್ತದೆ, ಪೊಲೀಸರು ಬಂದು ನಿಲ್ಲುವುದು ಹುಡುಗನ ಮನೆ ಮುಂದೆ. ‘ಸ್ಕಾಲರ್‌ಶಿಪ್ ಮಂಜೂರಾಗಿದೆ, ಪ್ರೊಸೆಸಿಂಗ್ ಫೀ ಎರಡು ಸಾವಿರ ಕಟ್ಟು’ ಎಂಬ ಫೋನೂ ಇದೇ ಜಾತಿಯದ್ದು. ಹಣ ಬರುವುದಕ್ಕೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒತ್ತಿದರೆ ಹೋಗುತ್ತದೆ. ಮೋಸ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ವಿದೇಶದಲ್ಲಿರುವ ನಮ್ಮವರ ನೆರವಿಗೂ ಒಂದು ಗಡಿರೇಖೆ ಇದೆ. ದುಬೈಯಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ಬ್ಯಾಂಕ್ ಮೂಲಕ ತಮ್ಮ ದುಡಿಮೆಯ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಇಲ್ಲಿನ ಟ್ರಸ್ಟಿಗೆ ಕೊಟ್ಟರೆ ಮಾತ್ರ ಆ ಟ್ರಸ್ಟ್ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ಅಡಿ ನೋಂದಾಯಿಸಿರಬೇಕು, ಹಣವೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ತೆರಿಗೆ ವಿನಾಯಿತಿಯ ವಿಷಯದಲ್ಲೂ ಅಷ್ಟೇ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ನೋಂದಾಯಿತ ಟ್ರಸ್ಟಿಗೆ ಕೊಟ್ಟರೆ ವಿನಾಯಿತಿ ಸಿಗುತ್ತದೆ, ಹುಡುಗಿಯ ಕೈಗೇ ಕೊಟ್ಟರೆ ಇಲ್ಲ. ದೊಡ್ಡ ಮೊತ್ತ ಕೊಡುವವರು ಸಂಸ್ಥೆಗಳ ಕಡೆಗೇ ವಾಲುವುದಕ್ಕೆ ಇದೂ ಒಂದು ಕಾರಣ.

ಹಣ ಸಿಕ್ಕಿತು, ಬ್ಯಾಡಗಿಯ ಹುಡುಗಿ ಕಾಲೇಜಿಗೂ ಹೋದಳು ಅನ್ನಿ. ಹೆಚ್ಚಿನ ಕಡೆ ಎಲ್ಲ ಹಳ್ಳ ಹಿಡಿಯುವುದು ಇಲ್ಲಿಂದ ಮುಂದೆ. ದೀಪಾವಳಿಗೆ ಕೈ ಮುಗಿದ ಚಿಹ್ನೆಯೊಂದು ಪ್ರಾಯೋಜಕರಿಗೆ ಹೋಗುತ್ತದೆ, ಆಮೇಲೆ ಮೌನ. ಎರಡನೇ ವರ್ಷದ ಚಲನ್ ಬಂದಾಗ ಮತ್ತೆ ನೆನಪು. ಸೆಮಿಸ್ಟರಿಗೊಮ್ಮೆ ನಾಲ್ಕು ಸಾಲು ಬರೆಯುವ ರೂಢಿಯನ್ನು ಶುರುವಿನಲ್ಲೇ ಮಾಡಿಸಬೇಕು, ಅದೂ ಫಲಿತಾಂಶ ಕೆಟ್ಟಾಗ ತಪ್ಪದೆ. ಎರಡನೇ ಸೆಮಿಸ್ಟರಿನಲ್ಲಿ ಗಣಿತ ಬ್ಯಾಕ್ ಉಳಿದಿದೆ. ಹೇಳಿದರೆ ಮುಂದಿನ ವರ್ಷದ ಹಣ ನಿಂತೀತೆಂದು ಹುಡುಗಿ ವಾರವಿಡೀ ಮೇಲ್ ಬರೆದು ಅಳಿಸುತ್ತಾಳೆ. ಮೇಡಂ ಫೋನಿನಲ್ಲೇ ಗದರಿಸಿ ಕಳಿಸುವಂತೆ ಮಾಡುತ್ತಾರೆ. ಮರುದಿನ ಬಾಸ್ಟನ್ನಿನ ಪ್ರಾಯೋಜಕರಿಂದ ಬಂದ ಉತ್ತರದಲ್ಲಿ ಸಮಾಧಾನವೂ ಇಲ್ಲ, ಸಿಟ್ಟೂ ಇಲ್ಲ: ‘ಮರುಪರೀಕ್ಷೆ ಯಾವಾಗ? ಯಾವ ಚಾಪ್ಟರ್ ತಿಳೀತಿಲ್ಲ ಬರಿ. ಭಾನುವಾರ ರಾತ್ರಿ ಎಂಟಕ್ಕೆ ಫೋನ್ ಮಾಡ್ತೀನಿ, ಪುಸ್ತಕ ಹಿಡ್ಕೊಂಡು ಕೂತಿರು.’