ಬಾದಾಮಿ ಸಿಡ್ಲಫಡಿ ಚಾರಣ: ದಾರಿ ನಾಲ್ಕೇ ಕಿ.ಮೀ., ಆದ್ರೆ ತಿರುಗೋ ಟೈಮ್ ಮೊದಲೇ ಫಿಕ್ಸ್ ಮಾಡ್ಕೊಳ್ರಿ

ಬಾದಾಮಿ: ಗುಹೆ ನೋಡಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಸೆಲ್ಫಿ ತೆಗೆದು ಬಸ್ ಹತ್ತೋರೇ ಹೆಚ್ಚು. ಅದಕ್ಕಿಂತ ಒಳಗೆ, ಕೆಂಪು ಗುಡ್ಡಗಳ ನಡುವಿನ ಕೊಳ್ಳ ಹಿಡಿದು ಸಿಡ್ಲಫಡಿವರೆಗೆ ನಡೆಯಬೇಕು ಅನ್ನೋರೂ ಇದ್ದಾರೆ. ರಜೆ ದಿನಕ್ಕೆ ಇದಕ್ಕಿಂತ ಒಳ್ಳೆ ಚಾರಣ ನಮ್ಮ ಜಿಲ್ಲೆಯಲ್ಲಿ ಸಿಗೋದು ಕಷ್ಟ. ಆದರೆ ‘ನಾಲ್ಕು ಕಿ.ಮೀ. ಅಷ್ಟೇ ಅಲ್ಲೇನ್ರೀ’ ಅಂತ ಒಂದು ಬಾಟಲಿ ನೀರು ಹಿಡ್ಕೊಂಡು ಹತ್ತು ಗಂಟೆಗೆ ಹೊರಡೋದಿದೆಯಲ್ಲ, ತೊಂದರೆ ಶುರುವಾಗೋದೇ ಅಲ್ಲಿಂದ.

ಸಿಡ್ಲಫಡಿ ಅಂದ್ರೆ ಸಿಡಿಲು ಬಡಿದ ಬಂಡೆ. ದೊಡ್ಡ ಮರಳುಗಲ್ಲಿನ ಬಂಡೆಗಳು ಸೇರಿ ಸೇತುವೆಯ ಹಾಗೆ ಆಗಿದ್ದು, ಮೇಲಿನ ತೂತಿನಿಂದ ಒಳಗೆ ಬೆಳಕು ಬೀಳುತ್ತದೆ. ಆ ತೂತು ಸಿಡಿಲು ಬಡಿದು ಆಗಿದ್ದು ಅಂತ ಜನ ಹೇಳ್ತಾರೆ. ಚಾಲುಕ್ಯರು ಬರುವ ಎಷ್ಟೋ ಮೊದಲು ಬೇಟೆಯಾಡಿ ಬದುಕುತ್ತಿದ್ದ ಜನ ಇಲ್ಲಿ ನೆರಳು ಹಿಡಿದಿದ್ದರು. ಅವರು ಬಿಡಿಸಿದ ಪ್ರಾಣಿಗಳ ಚಿತ್ರ ಬಂಡೆ ಮೇಲೆ ಈಗಲೂ ಇವೆ. ಅಲ್ಲಿಗೆ ಗಾಡಿ ಹೋಗೋ ರಸ್ತೆ ಇಲ್ಲ. ಕಾಲ್ನಡಿಗೆಯೇ ಗತಿ.

ಈ ಗುಡ್ಡಗಳ ಸ್ವಭಾವ ಮೊದಲು ತಿಳ್ಕೊಳ್ಳಬೇಕು. ಮರಳುಗಲ್ಲು ನೆಟ್ಟಗೆ ಸೀಳುತ್ತದೆ. ಆ ಸೀಳಿನಲ್ಲಿ ಮಳೆನೀರು ಇಳಿದು ಇಳಿದು ಕೊಳ್ಳ ಆಗಿದೆ. ಅದಕ್ಕೇ ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ಬಂಡೆ ನಿಂತಿರೋದು. ನೋಡೋಕೆ ಚೆಂದ, ಆದರೆ ಬಿಸಿಲು ಏರಿದ ಮೇಲೆ ಇದೇ ಗೋಡೆ ಒಲೆ ಆಗುತ್ತದೆ. ಕಲ್ಲು ಕಾಯ್ತದೆ, ಕಾದ ಕಲ್ಲು ಮತ್ತೆ ನಿಮ್ಮ ಮೇಲೇ ಶಾಖ ಬಿಡ್ತದೆ, ಗಾಳಿ ಮಾತ್ರ ಒಳಗೆ ಆಡಂಗಿಲ್ಲ. ಊರಲ್ಲಿ ಎಷ್ಟು ಬಿಸಿಲು ಅಂತ ಮೊಬೈಲ್ ತೋರಿಸುತ್ತದೋ, ಮಧ್ಯಾಹ್ನ ಕೊಳ್ಳದೊಳಗೆ ಅದಕ್ಕಿಂತ ಜಾಸ್ತಿ ಅಂತ ಲೆಕ್ಕ ಹಾಕಿ.

ಹಾಗಾಗಿ ಪ್ಲಾನ್ ಕಿಲೋಮೀಟರ್ ಲೆಕ್ಕದಲ್ಲಿ ಬೇಡ, ಗಡಿಯಾರದ ಲೆಕ್ಕದಲ್ಲಿ ಇರಲಿ. ಸಮ ರಸ್ತೆಯಲ್ಲಿ ನಾಲ್ಕು ಕಿ.ಮೀ. ಒಂದು ತಾಸು. ಇಲ್ಲಿ ಬಂಡೆ ಹತ್ತಿ, ಮುಳ್ಳುಕಂಟಿ ಸರಿಸಿ, ದಾರಿ ಹುಡುಕುತ್ತಾ ಹೋಗೋದರಿಂದ ಎರಡು ತಾಸು ಹಿಡೀರಿ, ಗುಂಪು ದೊಡ್ಡದಿದ್ರೆ ಇನ್ನೂ ಜಾಸ್ತಿ. ಬೆಳಗ್ಗೆ 6.30ಕ್ಕೆ ಊರು ಬಿಟ್ಟರೆ 9 ಗಂಟೆ ಒಳಗೆ ಸಿಡ್ಲಫಡಿ. ಅರ್ಧ ತಾಸು ಕೂತು ನೋಡಿ, 9.30ಕ್ಕೆ ವಾಪಸ್. ಒಂದು ವೇಳೆ 9.30 ಆದರೂ ಸಿಡ್ಲಫಡಿ ಸಿಗಲಿಲ್ಲ ಅಂದ್ರೆ? ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ‘ಇನ್ನೊಂದು ತಿರುವು ಅಷ್ಟೇ’ ಅನ್ನೋ ಗೆಳೆಯ ಎಲ್ಲಾ ಗುಂಪಲ್ಲೂ ಒಬ್ಬ ಇರ್ತಾನೆ, ಅವನ ಮಾತು ಕೇಳಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಈ ಟೈಮ್ ಒಂದು ತಾಸು ಆಚೆ ಈಚೆ ಆದರೆ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೋಗೋದೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ನೀರು ಒಬ್ಬರಿಗೆ ಮೂರು ಲೀಟರ್. ಭಾರ ಆಗ್ತದೆ, ಹೌದು. ಆದರೆ ದಾರಿಯಲ್ಲಿ ಅಂಗಡಿ ಇಲ್ಲ. ಗುಂಡಿಯಲ್ಲಿ ನಿಂತ ನೀರು ಆಡು ಕುರಿ ಕುಡಿಯೋದು, ಅದನ್ನ ನಂಬಬೇಡಿ. ಅರ್ಧ ನೀರು ಖಾಲಿ ಆದ್ರೂ ತಿರುಗೋ ಟೈಮ್ ಆಯ್ತು ಅಂತಲೇ ಅರ್ಥ. ಓಆರ್‌ಎಸ್ ಪ್ಯಾಕೆಟ್ ಇರಲಿ. ಇಲ್ಲದಿದ್ರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಒಯ್ಯಿರಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಯೇ ಬೆಸ್ಟ್, ಕೆಡಂಗಿಲ್ಲ. ಅದನ್ನ ಬ್ಯಾಗಿನೊಳಗೇ ಇಡಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಾದಾಮಿ ಮಂಗಗಳು ಬಿಡೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು.

ಜೊತೆಗಿರೋರಿಗೆ ತಲೆನೋವು, ವಾಕರಿಕೆ ಶುರುವಾದರೆ ಅಲ್ಲೇ ನೆರಳಿಗೆ ಕೂರಿಸಿ. ಮಾತು ತೊದಲಿದರೆ, ಏನೇನೋ ಮಾತಾಡಿದರೆ ಅದು ಸುಸ್ತಲ್ಲ, ಬಿಸಿಲಿನ ಹೊಡೆತ. ಬಟ್ಟೆ ಒದ್ದೆ ಮಾಡಿ, ಗಾಳಿ ಹಾಕಿ, ಮೈ ತಂಪು ಮಾಡಿ. ಪ್ರಜ್ಞೆ ಸರಿ ಇಲ್ಲದಿದ್ರೆ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಫೋನ್ ಮಾಡಬೇಕು, ಆದರೆ ಕೊಳ್ಳದೊಳಗೆ ಸಿಗ್ನಲ್ ಸಿಗ್ತದೆ ಅಂತ ಗ್ಯಾರಂಟಿ ಇಲ್ಲ, ಒಬ್ಬರು ಮೇಲಕ್ಕೆ ಹತ್ತಬೇಕಾಗಬಹುದು. ಅದಕ್ಕೇ ಇಬ್ಬರೇ ಹೋಗೋದಕ್ಕಿಂತ ಮೂರು ನಾಲ್ಕು ಜನ ಇದ್ರೆ ಒಳ್ಳೇದು.

ದಾರಿ ತಪ್ಪೋದು ಸುಲಭ. ಕುರಿಗಾಹಿಗಳ ಕಾಲುದಾರಿ ಎಲ್ಲಾ ದಿಕ್ಕಿಗೂ ಹೋಗ್ತವೆ, ಬಂಡೆ ಎಲ್ಲಾ ಒಂದೇ ಥರ ಕಾಣ್ತವೆ. ಊರಿನವರೊಬ್ಬರನ್ನ ಜೊತೆಗೆ ಕರ್ಕೊಂಡು ಹೋದ್ರೆ ಅರ್ಧ ಚಿಂತೆ ಕಮ್ಮಿ, ಅವರ ದಿನದ ಕೂಲಿ ಮೊದಲೇ ಮಾತಾಡಿ ಕೊಡಿ. ದಾರಿ ಕವಲೊಡೆದ ಕಡೆ ಒಮ್ಮೆ ಹಿಂದೆ ತಿರುಗಿ ನೋಡಿ. ವಾಪಸ್ ಬರೋವಾಗ ಕಾಣೋದು ಆ ನೋಟವೇ. ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ.

ಮಳೆಗಾಲದಲ್ಲಿ ಲೆಕ್ಕವೇ ಬೇರೆ. ಜೋರು ಮಳೆಗೆ ಅಕ್ಕ-ತಂಗಿ ಜಲಪಾತ ಧುಮುಕೋದನ್ನ ವಿಡಿಯೋದಲ್ಲಿ ನೋಡಿರ್ತೀರಿ. ಆ ನೀರು ಬರೋದು ಇಂಥ ಗುಡ್ಡಗಳ ಮೇಲಿಂದಲೇ. ಬಂಡೆ ನೀರು ಕುಡಿಯಂಗಿಲ್ಲ, ಬಿದ್ದದ್ದೆಲ್ಲಾ ಕೊಳ್ಳಕ್ಕೇ ಇಳಿಯುತ್ತದೆ. ಮೇಲೆ ಮೋಡ ಕಟ್ಟಿದ್ದು ಕಂಡರೆ ಕೊಳ್ಳದ ತಳದಲ್ಲಿ ನಿಲ್ಲಬೇಡಿ. ಗುಡುಗು ಸಿಡಿಲು ಇದ್ದ ದಿನ ಬೋಳು ಬಂಡೆ ಮೇಲೂ ಬೇಡ. ಜಾಗದ ಹೆಸರೇ ಸಿಡ್ಲಫಡಿ!

ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕಿ. ಒಣ ಬಂಡೆ ಮೇಲೆ ಉದುರಿದ ಮರಳೇ ಜಾರಿಸೋದು, ಅದೂ ಇಳಿಯೋವಾಗ. ಬಂಡೆ ಗೋಡೆಯಲ್ಲಿ ಜೇನು ಕಂಡರೆ ಸದ್ದಿಲ್ಲದೆ ದೂರ ಸರಿಯಿರಿ, ಹೊಗೆ, ಸೆಂಟು, ಸ್ಪೀಕರ್ ಯಾವುದೂ ಬೇಡ.

ಚಿತ್ರಗಳ ವಿಷಯಕ್ಕೆ ಬಂದ್ರೆ, ಫೋಟೋ ಚೆನ್ನಾಗಿ ಬರಲಿ ಅಂತ ನೀರು ಚಿಮುಕಿಸೋದು, ಕೈಯಿಂದ ಒರೆಸೋದು ಮಾಡಬೇಡಿ, ಬಣ್ಣ ಹೋಗ್ತದೆ. ಪಕ್ಕದಲ್ಲಿ ಹೆಸರು ಕೆತ್ತೋರಿಗೆ ಏನು ಹೇಳಬೇಕೋ ಗೊತ್ತಾಗಲ್ಲ.

ಹೊರಡೋ ಮುಂಚೆ ಊರಲ್ಲಿರೋ ಒಬ್ಬರಿಗೆ, ಮನೆಯವರಾಗಲಿ ಲಾಡ್ಜಿನವರಾಗಲಿ, ಎಲ್ಲಿಗೆ, ಎಷ್ಟು ಜನ, ಎಷ್ಟೊತ್ತಿಗೆ ವಾಪಸ್ ಅಂತ ಹೇಳಿ ಹೋಗಿ. ‘ಮಧ್ಯಾಹ್ನ 2 ಗಂಟೆ ತನಕ ನಮ್ಮ ಫೋನ್ ಬರಲಿಲ್ಲ ಅಂದ್ರೆ 112ಕ್ಕೆ ಹಚ್ಚಿಬಿಡ್ರಿ’ ಅನ್ನಿ. ಇನ್ನು ಸಣ್ಣ ಮಕ್ಕಳು, ಮಂಡಿ ನೋವಿನವರು ಜೊತೆಗಿದ್ರೆ ಸಿಡ್ಲಫಡಿ ಬಿಟ್ಟು, ಮ್ಯೂಸಿಯಂ ಹತ್ತಿರದಿಂದ ಉತ್ತರದ ಕೋಟೆಗೆ ಹತ್ತೋ ಮೆಟ್ಟಿಲ ದಾರಿ ಹಿಡೀರಿ. ಎರಡೂ ಕಡೆ ಎತ್ತರದ ಬಂಡೆ, ನಡುವೆ ಕಿರಿದಾದ ಸಂದಿ. ಕೊಳ್ಳದ ರುಚಿ ಅಲ್ಲೇ ಸಿಗ್ತದೆ, ನಿಧಾನಕ್ಕೆ ಹತ್ತಬಹುದು.